ಅಂಚಿನ ಮೊಟ್ಟೆ

ಕೊಟ್ಟಿಗೆಯ ಬುಟ್ಟಿಯಲ್ಲಿ ಚುಕ್ಕಿ ಕೋಳಿ ಹನ್ನೊಂದು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ದಿನಕ್ಕೆ ನಾಲ್ಕು ಸಲ ಎದ್ದು, ಒಂದೊಂದು ಮೊಟ್ಟೆಯನ್ನೂ ಕೊಕ್ಕಿನಿಂದ ಹೊರಳಿಸಿ ಮತ್ತೆ ಕೂರುವುದು ಅದರ ಕೆಲಸ.

ಪಕ್ಕದ ಗೂಟದಲ್ಲಿದ್ದ ಮೇಕೆ ಹೇಳಿತು: "ಚುಕ್ಕಕ್ಕಾ, ಇಪ್ಪತ್ತು ದಿನದಿಂದ ನೋಡುತ್ತಿದ್ದೇನೆ. ಮೊಟ್ಟೆಗೆ ಮೇಲೇನು, ಕೆಳಗೇನು? ಅದರಲ್ಲೂ ಆ ಅಂಚಿನದು ಕೆಟ್ಟಿದೆ. ಬೆಳಿಗ್ಗೆ ಯಜಮಾನಿ ಒಳಗೆ ಜೀವವಿದೆಯೇ ಎಂದು ನೋಡಲು ಬೆಚ್ಚನೆಯ ನೀರಿಗೆ ಬಿಟ್ಟಾಗ ಉಳಿದವೆಲ್ಲ ಅಲುಗಾಡಿದವು, ಅದೊಂದು ಸುಮ್ಮನಿತ್ತು. ಸಂಜೆ ಎಸೆಯುತ್ತೇನೆ ಎಂದಳು."

"ನನಗೂ ಸಾಕಾಗಿದೆ," ಎಂದಿತು ಕೋಳಿ. "ಹೊರಳಿಸು ಎಂದು ಅವ್ವ ಹೇಳಿದ್ದಳು, ಹೊರಳಿಸುತ್ತೇನೆ. ಅಷ್ಟೇ."

ಅದು ಹತ್ತನ್ನು ಸರಸರನೆ ಹೊರಳಿಸಿ, ಅಂಚಿನದನ್ನು ಬಿಟ್ಟು ಕೂರಹೋಯಿತು. ಮನಸ್ಸು ಒಪ್ಪಲಿಲ್ಲ. ಬಗ್ಗಿ ಅದನ್ನೂ ಮೆಲ್ಲಗೆ ಹೊರಳಿಸಿತು. ಚಿಪ್ಪಿನೊಳಗಿಂದ 'ಚಿಂವ್' ಎಂದು ಸಣ್ಣ ದನಿ ಬಂತು.

ಕೋಳಿಗೆ ಹೋದ ಜೀವ ಬಂದಂತಾಯಿತು. ಅದರ ಕೂಗಿಗೆ ಯಜಮಾನಿ ಓಡಿಬಂದಳು. ಮೊಟ್ಟೆಯನ್ನು ಕಿವಿಗೆ ಹಿಡಿದು, ನಕ್ಕು, ಬುಟ್ಟಿಯಲ್ಲೇ ಇಟ್ಟು ಹೋದಳು.

"ಸದ್ಯ, ಬದುಕಿತು!" ಎಂದಿತು ಮೇಕೆ. "ಇನ್ನಾದರೂ ಕೂತುಕೋ."

ಕೋಳಿ ಆಗಲೇ ಎದ್ದು ನಿಂತಿತ್ತು. "ತಡಿ ತಂಗೀ. ಆ ಹತ್ತನ್ನು ಅವಸರದಲ್ಲಿ ಹೊರಳಿಸಿಬಿಟ್ಟೆ, ಯಾರು ಏನೆಂದರೋ ಕೇಳಿಸಿಕೊಳ್ಳಲೇ ಇಲ್ಲ. ಇನ್ನೊಮ್ಮೆ ಹೊರಳಿಸುತ್ತೇನೆ."