ಬೇಸಿಗೆ ಶಾಲೆಗೆ ಹೋದ ಮಡಿವಾಳಪ್ಪ

ನಗು ಬಂದರೆ ನಕ್ಕುಬಿಡಿ, ತಡೆಯಬೇಡಿ. ಆದರೆ ನಡುನಡುವೆ ಕಲ್ಲವ್ವನ ಮುಖದ ಕಡೆಗೂ ಒಮ್ಮೆ ನೋಡಿ.

ಗುಡ್ಡದ ಮೇಲೊಂದು ವಿಶ್ವವಿದ್ಯಾಲಯ. ಅಲ್ಲಿನ ಓದುವ ಕೋಣೆಯ ಬಾಗಿಲಲ್ಲಿ ಇಪ್ಪತ್ತೆರಡು ವರ್ಷ ಜವಾನನಾಗಿ ಕೂತಿದ್ದವ ಕಲ್ಲವ್ವನ ಗಂಡ. ಕಳೆದ ಸುಗ್ಗಿಯಲ್ಲಿ ತೀರಿಕೊಂಡ. ಉಳಿದದ್ದು ನೌಕರರ ಸಾಲಿನ ಒಂದು ಮನೆ, ಒಬ್ಬ ಮಗ. ಮನೆ ವಿಶ್ವವಿದ್ಯಾಲಯದ್ದು. ಮಗ ಕಲ್ಲವ್ವನವನು.

ಮಗನ ಹೆಸರು ಮಡಿವಾಳಪ್ಪ. ಕೆಟ್ಟವನಲ್ಲ, ಸೋಮಾರಿಯಲ್ಲ, ಎದುರು ಮಾತಾಡುವವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ರೋಗ. ಬಿ.ಎ. ಪರೀಕ್ಷೆಗೆ "ಈ ಗೈಡು ಪೂರ್ತಿ ಬಾಯಿಪಾಠ ಮಾಡೋ" ಅಂದಿದ್ದಳು ಕಲ್ಲವ್ವ. ಮಾಡಿದ. ಉತ್ತರಪತ್ರಿಕೆಯಲ್ಲಿ ಮೊದಲು ಗೈಡಿನ ಬೆಲೆ ಬರೆದ, ಆಮೇಲೆ ಅಚ್ಚು ಹಾಕಿದವರ ವಿಳಾಸ ಬರೆದ, ಪಾಠಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಮೂರನೆಯ ಸಲಕ್ಕೆ ಹೇಗೋ ಪಾಸಾದ.

ಸಮಾಜವಿಜ್ಞಾನಗಳ ಬೇಸಿಗೆ ಶಾಲೆ ನಡೆಸುವ ಹಂಚಿನಮನಿ ಮೇಡಂ ಕಲ್ಲವ್ವನನ್ನು ಕರೆದು ಹೇಳಿದರು: "ನೋಡವಾ, ನಿನ್ನ ಮಗ ಈ ಒಂದು ತಿಂಗಳ ಶಾಲಿ ಮುಗಿಸಲಿ. ನಾಕು ವಿಷಯದ ನಾಕು ಮಾಸ್ತರರು ಸಹಿ ಹಾಕಿದರಂದ್ರ ಅವನಿಗೆ ಅಪ್ಪನ ಜಾಗ, ನಿನಗ ಮನಿ. ಇಲ್ಲಂದ್ರ ಕಾರಹುಣ್ಣಿವಿಯೊಳಗ ಮನಿ ಖಾಲಿ ಮಾಡಬೇಕಾಗತೈತಿ."

ಕಲ್ಲವ್ವ ಅದೇ ಬೇಸಿಗೆ ಶಾಲೆಗೆ ಚಹಾ ಒಯ್ಯುವ ಕೆಲಸ ಹಿಡಿದಳು, ಮಗ ಕಣ್ಣ ಮುಂದೆ ಇರಲಿ ಅಂತ. ಮೊದಲ ದಿನ ಅವನ ಕೂದಲು ಬಾಚಿ ಹೇಳಿದಳು: "ಮಗನ, ಸರ್ ಏನು ಹೇಳ್ತಾರೋ ಅದನ್ನ ಒಂದಕ್ಷರ ಬಿಡದಂಗ ಮಾಡು."

"ಆತವ್ವಾ. ಒಂದಕ್ಷರ ಬಿಡೂದಿಲ್ಲ."

ಸಮಾಜಶಾಸ್ತ್ರದ ಸರ್ ಎಲ್ಲರ ಕೈಗೂ ಒಂದೊಂದು ಪ್ರಶ್ನಾವಳಿ ಕೊಟ್ಟರು. "ಓಣಿಗೆ ಹೋಗಿ. ಪ್ರತಿ ಐದನೆಯ ಮನೆ. ಅದು ಎಂಥ ಮನೆಯೇ ಇರಲಿ, ಬದಲಿಸಬಾರದು. ನಲವತ್ತು ಪ್ರಶ್ನೆ, ಒಂದನ್ನೂ ಬಿಡಬಾರದು."

ಮಡಿವಾಳಪ್ಪ ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಐದನೆಯ ಮನೆಯ ಮುಂದೆ ಚಟ್ಟ ಕಟ್ಟುತ್ತಿದ್ದರು. ಬದಲಿಸುವ ಹಾಗಿಲ್ಲವಲ್ಲ! ಚಪ್ಪಲಿ ಬಿಟ್ಟು ಒಳಗೆ ಹೋದ.

"ಮನಿ ಯಜಮಾನರು ಯಾರ್ರಿ?"

ಯಾರೋ ಬೆರಳು ಮಾಡಿ ತೋರಿಸಿದರು. ಯಜಮಾನರನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಕೊರಳಲ್ಲಿ ಹೂವಿನ ಹಾರ, ಹಣೆಯ ತುಂಬ ವಿಭೂತಿ.

"ಮನ್ಯಾಗ ಒಟ್ಟು ಎಷ್ಟು ಮಂದಿ?"

"ನಿನ್ನಿತನಕ ಆರು ಮಂದಿ ಇದ್ವಿ, ತಮ್ಮಾ," ಅಂದಳು ಹೆಂಡತಿ.

"ಇವತ್ತಿಂದು ಹೇಳ್ರಿ. ನಿನ್ನಿಂದು ಬರಿಯಾಕ ಜಾಗಾ ಇಲ್ಲ."

ಆಕೆ ದಿಗಿಲುಗೊಂಡು ಐದು ಅಂದಳು. ಅವನು ಬರೆದುಕೊಂಡ. ಹಾಗೇ ಹದಿನೆಂಟನೆಯ ಪ್ರಶ್ನೆಗೆ ಬಂದ. "ಇನ್ನ ಐದು ವರ್ಷದಾಗ ಯಜಮಾನರು ಏನು ಮಾಡಬೇಕಂತ ಅದಾರ?"

ಹತ್ತೊಂಬತ್ತನೆಯದನ್ನು ಕೇಳಲಿಕ್ಕೆ ಅಲ್ಲಿ ನೆರೆದವರು ಬಿಡಲಿಲ್ಲ. ಅಂಗಿಯ ಕಾಲರು ಹರಿದುಕೊಂಡು ಮನೆಗೆ ಬಂದ. ಸಹಿ ಸಿಗಲಿಲ್ಲ.

ಕಲ್ಲವ್ವ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಖೋಡಿ! ಅಂಥಲ್ಲಿ ಪ್ರಶ್ನಿ ಕೇಳ್ತಾರೇನೋ? ತಲಿ ಮ್ಯಾಲೆ ಟವೆಲ್ ಹಾಕ್ಕೊಂಡು ಸುಮ್ಮನ ಕುಂದರಬೇಕು. ಮಾತಾಡಬಾರದು. ಕಣ್ಣೀರು ಬರಲಿಲ್ಲಂದ್ರ ಬರಿಸಿಕೊಂಡಾದರೂ ಅಳಬೇಕು!"

"ಆತವ್ವಾ. ಇನ್ನ ಹಂಗ ಮಾಡ್ತೀನಿ."

ಎರಡನೆಯ ವಾರ ಅರ್ಥಶಾಸ್ತ್ರ. ಆ ಸರ್ ಹುಡುಗರನ್ನು ಮಂಗಳವಾರದ ಸಂತೆಗೆ ಕಳಿಸಿದರು. ಒಬ್ಬೊಬ್ಬರು ಒಂದೊಂದು ಮಾಲಿನ ಮುಂದೆ ಕೂತು, ತಾಸಿಗೊಮ್ಮೆ ದರ ಬರೆದುಕೊಳ್ಳಬೇಕು. ಮಡಿವಾಳಪ್ಪನ ಪಾಲಿಗೆ ಉಳ್ಳಾಗಡ್ಡಿ.

ತಲೆಯ ಮೇಲೆ ಟವೆಲ್ ಹಾಕಿಕೊಂಡ. ಉಳ್ಳಾಗಡ್ಡಿ ರಾಶಿಯ ಪಕ್ಕ ಕೂತ. ಕಣ್ಣೀರಿಗೆ ಏನು ಬರಗಾಲ, ಒಂದು ಗಡ್ಡೆ ಹಿಸುಕಿದರೆ ಸಾಕು. ಧಾರಾಕಾರ ಸುರಿಸಿದ.

ಕೊಳ್ಳಲು ಬಂದ ಹೆಂಗಸರು ನಿಂತರು. "ಯಾಕೋ ತಮ್ಮಾ, ಏನಾತು?"

ಮಾತಿಲ್ಲ. ಬರೀ ಅಳು.

"ಈ ಉಳ್ಳಾಗಡ್ಡಿ ತಿಂದು ಮನ್ಯಾಗ ಯಾರಿಗರೆ ಏನರೆ ಆತೇನೋ?"

ಮಾತಿಲ್ಲ. ಇನ್ನಷ್ಟು ಅಳು.

"ಬ್ಯಾಡ ನಡೀರೆವಾ!" ಅಂದರು ಹೆಂಗಸರು. ಸುದ್ದಿ ಸಂತೆಯ ಆ ತುದಿ ಮುಟ್ಟಿತು. ವ್ಯಾಪಾರಿ ಕಾಲಿಗೆ ಬಿದ್ದ. "ಏ ನನ್ನಪ್ಪಾ, ಏಳೋ! ನನ್ನ ಹೊಟ್ಟಿ ಮ್ಯಾಲೆ ಯಾಕ ಕುಂತೀಯೋ!" ಕಾಲಿಗೆ ಬಿದ್ದವನನ್ನು ನೋಡಿ ಮಡಿವಾಳಪ್ಪನಿಗೆ ಖರೇನೇ ದುಃಖ ಬಂತು. ಜೋರಾಗಿ ಅತ್ತ. ಸಂಜೆಯ ಹೊತ್ತಿಗೆ ಆ ಸಂತೆಯಲ್ಲಿ ಉಳ್ಳಾಗಡ್ಡಿ ಕೇಳುವವರೇ ಇರಲಿಲ್ಲ.

"ದರ ನೋಡಿಕೊಂಡು ಬಾ ಅಂದರೆ ದರವನ್ನೇ ನೆಲಕ್ಕೆ ಕೆಡವಿ ಬಂದೆಯಲ್ಲಯ್ಯಾ!" ಅಂದರು ಅರ್ಥಶಾಸ್ತ್ರದ ಸರ್. ಪೆನ್ನನ್ನು ಜೇಬಿನಿಂದ ಹೊರಗೇ ತೆಗೆಯಲಿಲ್ಲ.

ಕಲ್ಲವ್ವ ಚಹಾದ ಕಿಟಲಿ ಕೆಳಗಿಟ್ಟು ಹಣೆ ಬಡಿದುಕೊಂಡಳು. "ಸಂತ್ಯಾಗ ಅಳ್ತಾರೇನೋ ಮಂಕ? ಸಂತ್ಯಾಗ ಮಾತಾಡಬೇಕು! ಎದರಿನವರು ಎಷ್ಟರೆ ಹೇಳಲಿ, ಅಷ್ಟಕ್ಕ ಒಪ್ಪಬಾರದು. ಅರ್ಧಕ್ಕ ಇಳಸು!"

"ಆತವ್ವಾ. ಇನ್ನ ಹಂಗ ಮಾಡ್ತೀನಿ."

ಮೂರನೆಯದು ಮನಶ್ಶಾಸ್ತ್ರ. ಅದನ್ನು ಕಲಿಸುವ ಮೇಡಂ ಮೃದು ಸ್ವಭಾವದವರು. ದುಃಖದಲ್ಲಿರುವವರ ಜೊತೆ ಹೇಗೆ ಮಾತಾಡಬೇಕು ಅನ್ನುವುದು ಪಾಠ. ಊರಿನಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಸರದಿ ಮಡಿವಾಳಪ್ಪನದಾಯಿತು. ಎದುರುಬದುರು ಎರಡು ಕುರ್ಚಿ.

"ನನ್ನ ಗಂಡ ಹೋಗಿ ನಾಕು ವರ್ಷ ಆತ್ರಿ," ಅಂದಳು ಆಕೆ.

"ನಾಕು ಭಾಳ ಆತ್ರಿ ಬಾಯಾರ. ಎರಡು ಮಾಡಿಕೋರಿ."

ಆಕೆ ಕಣ್ಣು ಬಿಟ್ಟಳು. "ದಿನಾ ಆರು ತಾಸು ಅಳತೀನ್ರಿ."

"ಮೂರಕ್ಕ ಬರ್ರಿ."

"ಹತ್ತು ಮಂದಿ ಇರೋ ಮನಿಯೊಳಗ ಒಬ್ಬರೂ ಮಾತಾಡಸಂಗಿಲ್ರಿ!"

"ಐದು ಮಂದಿ ಮಾತಾಡಸಂಗಿಲ್ಲ ಅನ್ರಿ, ಮುಗಿಸಿಬಿಡೋಣು."

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೊರಗೆ ಹೋದಳು. ಭುಜ ಅಲುಗುತ್ತಿದ್ದವು. ಅಳುವೋ ನಗುವೋ, ಬಾಗಿಲಲ್ಲಿ ಕಿಟಲಿ ಹಿಡಿದು ನಿಂತಿದ್ದ ಕಲ್ಲವ್ವನಿಗೂ ತಿಳಿಯಲಿಲ್ಲ. ಮೇಡಂ ಮಾತ್ರ ಕೆಂಪಾಗಿದ್ದರು. ಮೂರನೆಯ ಸಹಿಯೂ ಹೋಯಿತು.

ಈ ಸಲ ಹಣೆ ಬಡಿದುಕೊಳ್ಳುವ ಮೊದಲೇ ಕಲ್ಲವ್ವನ ಕಣ್ಣು ತುಂಬಿತು. "ದುಃಖಾ ಏನು ಉಳ್ಳಾಗಡ್ಡಿಯೇನೋ ಚೌಕಾಶಿ ಮಾಡಾಕ? ನನಗೂ ಇನ್ನ ವರ್ಷ ತುಂಬಿಲ್ಲೋ. ಮಂದಿ ಏನು ಹೇಳ್ತಾರೋ ಅದಕ್ಕ ಹೌದನ್ನು. ಹೌದ್ರಿ, ಖರೇ ಐತ್ರಿ, ನೀವು ಹೇಳೂದು ಬರೋಬ್ಬರಿ ಐತ್ರಿ. ಅಷ್ಟ ಅನ್ನು."

"ಆತವ್ವಾ. ಅಳಬ್ಯಾಡ. ಇನ್ನ ಹಂಗ ಮಾಡ್ತೀನಿ."

ಕೊನೆಯ ವಾರ ರಾಜ್ಯಶಾಸ್ತ್ರ. ತರಗತಿಯನ್ನೇ ವಿಧಾನಸಭೆ ಮಾಡಿದರು. ಅರ್ಧ ಜನ ಆಡಳಿತ ಪಕ್ಷ, ಅರ್ಧ ಜನ ವಿರೋಧ ಪಕ್ಷ. ಚೀಟಿ ಎತ್ತಿದರೆ ಸಭಾಧ್ಯಕ್ಷನ ಚೀಟಿ ಮಡಿವಾಳಪ್ಪನಿಗೇ ಬರಬೇಕೇ!

ಆಡಳಿತ ಪಕ್ಷದವರು ಎದ್ದರು: "ಬಿಸಿಲು ಹೆಚ್ಚಾಗಿದೆ, ನಾಳೆಯಿಂದ ತರಗತಿ ಬೆಳಗಿನ ಏಳಕ್ಕೇ ಶುರುವಾಗಬೇಕು."

"ಖರೇ ಐತ್ರಿ," ಅಂದ ಅಧ್ಯಕ್ಷ. "ಏಳಕ್ಕ ಆಗಲಿ."

ವಿರೋಧ ಪಕ್ಷದವರು ಎದ್ದರು: "ಹಾಸ್ಟೆಲಿನಲ್ಲಿ ತಿಂಡಿಯಾಗುವುದೇ ಒಂಬತ್ತಕ್ಕೆ. ಹತ್ತಕ್ಕೇ ಇರಬೇಕು."

"ನೀವು ಹೇಳೂದು ಬರೋಬ್ಬರಿ ಐತ್ರಿ. ಹತ್ತಕ್ಕ ಆಗಲಿ."

ಎರಡೂ ಠರಾವು ಪಾಸಾದವು. ಮರುದಿನ ಅರ್ಧ ಮಂದಿ ಏಳಕ್ಕೆ ಬಂದರು, ಅರ್ಧ ಮಂದಿ ಹತ್ತಕ್ಕೆ ಬಂದರು. ಸರ್ ಎರಡು ಸಲ ಪಾಠ ಮಾಡಿದರು, ಕಲ್ಲವ್ವ ಎರಡು ಸಲ ಚಹಾ ಕಾಯಿಸಿದಳು. ನಾಲ್ಕನೆಯ ಸಹಿ ಕೇಳುವ ಧೈರ್ಯ ಯಾರಿಗಿತ್ತು?

"ಎರಡೂ ಕಡೆ ಹೌದನ್ನವ ಎಲ್ಲಿಯೂ ಸಲ್ಲೂದಿಲ್ಲೋ!" ಅಂದಳು ಕಲ್ಲವ್ವ, ದಣಿದ ದನಿಯಲ್ಲಿ. "ಗಂಡಸಾದವ ಒಂದ ಮಾತಿಗೆ ನಿಂದ್ರಬೇಕು. ಯಾರು ಮೊದಲ ಮಾತು ತಗೀತಾರೋ ಅವರ ಕಡೆ ನಿಲ್ಲು. ನಿಂತ ಮ್ಯಾಲೆ ಭೂಮಿ ಬಾಯಿ ಬಿಟ್ಟರೂ ಸರಿಯಬ್ಯಾಡ. ಗೆದ್ದ ಬರಬೇಕು."

"ಆತವ್ವಾ. ಗೆದ್ದ ಬರ್ತೀನಿ."

ಸಹಿ ಇಲ್ಲದ ಕಾಗದ ಹಿಡಿದು ಕಲ್ಲವ್ವ ಹಂಚಿನಮನಿ ಮೇಡಂ ಕಾಲು ಹಿಡಿದಳು. ಮೇಡಂ ಅವಳನ್ನು ಎಬ್ಬಿಸಿದರು. "ಸಮಾರೋಪದ ದಿನ ನಾಕೂ ಮಾಸ್ತರರನ್ನ ಕೂಡಿಸತೀನಿ. ನಾನ ಹೇಳೀನಿ ಅವರಿಗೆ, ಎಲ್ಲಾರೂ ಒಪ್ಪ್ಯಾರ. ಶಾಸ್ತ್ರಕ್ಕ ಒಂದು ಪ್ರಶ್ನಿ ಕೇಳ್ತೀವಿ. ಏನರೆ ನಾಕು ಮಾತು ಹೇಳಿದನಂದ್ರ ಸಾಕು. ಜಾಗ ಅವಂದ."

ಆ ದಿನ ಬಂತು. ಕಲ್ಲವ್ವ ಬಾಗಿಲ ಹೊರಗೆ ನಿಂತಳು. ಒಳಗಿನ ಮಾತು ಸ್ವಚ್ಛ ಕೇಳುತ್ತಿತ್ತು.

"ಮಡಿವಾಳಪ್ಪಾ, ಈ ಕೆಲಸಕ್ಕ ನೀ ತಕ್ಕವ ಅಲ್ಲ ಅಂತ ಮಂದಿ ಅಂತಾರ. ಅದಕ್ಕ ನೀ ಏನಂತಿ?" ಇದು ಹಂಚಿನಮನಿ ಮೇಡಂ.

"ಮೊದಲ ಮಾತು ತಗದವರು ನೀವ್ರಿ. ನಾ ನಿಮ್ಮ ಕಡೆ. ತಕ್ಕವ ಅಲ್ರಿ."

ಸಮಾಜಶಾಸ್ತ್ರದ ಸರ್ ಕೆಮ್ಮಿದರು. "ಹಾಗಲ್ಲಪ್ಪ. ನೀನು ಒಂದು ದಿನವೂ ತಪ್ಪಿಸಲಿಲ್ಲ. ಎಲ್ಲರಿಗಿಂತ ಮೊದಲು ಬರುತ್ತಿದ್ದೆ."

"ಅವ್ವ ಎಬ್ಬಸ್ತಿದ್ದಳ್ರಿ. ಆಕಿ ಎಬ್ಬಸದಿದ್ದರ ನಾ ಏಳಂಗಿಲ್ಲ."

"ಸುಳ್ಳು ಹೇಳುವವನಲ್ಲ ನೀನು," ಅಂದರು ಮನಶ್ಶಾಸ್ತ್ರದ ಮೇಡಂ.

"ಹೇಳಾಕ ಬರಂಗಿಲ್ರಿ. ಬಂದಿದ್ದರ ಹೇಳ್ತಿದ್ದೆ."

"ನಿಮ್ಮ ಅಪ್ಪ ಇಪ್ಪತ್ತೆರಡು ವರ್ಷ ಕೂತ ಜಾಗವಯ್ಯಾ ಅದು!" ಅಂದರು ಅರ್ಥಶಾಸ್ತ್ರದ ಸರ್.

"ಅಂವ ಬ್ಯಾರೇರಿ," ಅಂದ ಮಡಿವಾಳಪ್ಪ. ಅವನ ದನಿ ಎಂದೂ ಇಷ್ಟು ಗಟ್ಟಿಯಾಗಿರಲಿಲ್ಲ. "ಯಾವ ಪುಸ್ತಕ ಎಲ್ಲೈತಿ ಅಂತ ಕಣ್ಣು ಮುಚ್ಚಿ ಹೇಳ್ತಿದ್ದ. ಓದಾಕ ಬಂದ ಬಡ ಹುಡುಗರಿಗೆ ತನ್ನ ಬುತ್ತಿ ಕೊಡ್ತಿದ್ದ. ಅಂಥವ ಕುಂತ ಜಾಗಾದಾಗ ನನ್ನ ಕುಂದರಸ್ತೀರಿ? ನಾಕೂ ಮಂದಿ ನನಗ ಸಹಿ ಹಾಕಲಿಲ್ಲ, ಬರೋಬ್ಬರಿ ಮಾಡಿದಿರಿ. ಈಗ್ಯಾಕ ಮೆತ್ತಗ ಆಗ್ತೀರಿ? ಮೇಡಂ, ನೀವರೆ ಗಟ್ಟಿ ನಿಂದರ್ರಿ, ನಾ ಅದೀನಿ ನಿಮ್ಮ ಕಡೆ!"

ಕಲ್ಲವ್ವ ಬಾಗಿಲಿಗೆ ಕೈ ಆನಿಸಿದಳು. ಒಳಗೆ ನುಗ್ಗಿ ಮಗನ ಬಾಯಿ ಮುಚ್ಚಬೇಕು ಅನ್ನಿಸಿತು. ಆದರೆ ಕಿವಿಗೊಟ್ಟು ಅಲ್ಲೇ ನಿಂತಳು. ಗಂಡನ ಬಗ್ಗೆ ಅಷ್ಟು ಚೆಂದ ಮಾತಾಡಿದವರನ್ನು ಅವಳು ಆ ದಿನದವರೆಗೆ ಕಂಡಿರಲಿಲ್ಲ.

"ಈ ತಿಂಗಳಲ್ಲಿ ಇಂಥ ವಾದ ಯಾವ ಹುಡುಗನೂ ಮಾಡಲಿಲ್ಲ," ಅಂದರು ರಾಜ್ಯಶಾಸ್ತ್ರದ ಸರ್, ಮೆಲ್ಲಗೆ. "ಏನು ಉತ್ತರ ಕೊಡೋಣ ಇದಕ್ಕೆ?"

"ಹಂಗಾರ ನಾ ತಕ್ಕವ ಅಲ್ಲ ಅನ್ನವರು ಕೈ ಎತ್ತರಿ," ಅಂದ ಮಡಿವಾಳಪ್ಪ. ಎಲ್ಲರೂ ತಲೆ ತಗ್ಗಿಸಿಕೊಂಡರು; ಒಂದೊಂದಾಗಿ ಐದೂ ಕೈ ಎದ್ದವು.

ಬಾಗಿಲು ತೆರೆಯಿತು. ಮಡಿವಾಳಪ್ಪ ಬಂದ. ಹುಟ್ಟಿದಂದಿನಿಂದ ಆ ಮುಖದಲ್ಲಿ ಅಂಥ ಬೆಳಕನ್ನು ಕಲ್ಲವ್ವ ನೋಡಿರಲಿಲ್ಲ.

"ಅವ್ವಾ, ಗೆದ್ದೆ!" ಅಂದ. "ಎಲ್ಲಾರೂ ನನ್ನ ಆ ಕಡೆ ಜಗ್ಗಿದರು. ನಾ ಒಂದು ಹೆಜ್ಜಿ ಸರಿಯಲಿಲ್ಲ!"