ಕೊಕ್ಕರೆಯ ಮುಳುಗು ಶಾಲೆ

ಕೆರೆಯಂಚಿನಲ್ಲಿ ಕೊಕ್ಕರೆಯೊಂದು ಮುಳುಗುವ ವಿದ್ಯೆ ಕಲಿಸುವ ಶಾಲೆ ನಡೆಸುತ್ತಿತ್ತು. ಪಾದ ನೆನೆದರೆ ಒಂದನೆಯ ಹಂತ, ಮೊಣಕಾಲು ನೆನೆದರೆ ಎರಡನೆಯದು, ಹೊಟ್ಟೆ ನೆನೆದರೆ ಮೂರನೆಯದು. ನಾಲ್ಕನೆಯ ಹಂತ ಇರಲಿಲ್ಲ, ಏಕೆಂದರೆ ಅದಕ್ಕಿಂತ ಆಳಕ್ಕೆ ಗುರುಗಳೇ ಇಳಿದಿರಲಿಲ್ಲ. ಮೂರೂ ಹಂತ ಪಾಸಾದ ಕೋಳಿ ಅಲ್ಲೇ ಪರೀಕ್ಷಕಿಯಾಗಿತ್ತು.

ಒಂದು ದಿನ ನೀರುಕಾಗೆ ಬಂದಿತು. "ಗುರುಗಳೇ, ಹುಟ್ಟಿದಾಗಿನಿಂದ ಈ ಕೆರೆಯ ತಳದಲ್ಲಿ ಮೀನು ಹಿಡಿದವನು ನಾನು. ಈಗ ಪ್ರಮಾಣಪತ್ರವಿಲ್ಲದೆ ಇಳಿಯುವಂತಿಲ್ಲವಂತೆ. ದಯವಿಟ್ಟು ಒಂದು ಕೊಡಿ."

"ಕ್ರಮವಾಗಿ ಬಾ. ಮೊದಲು ಪಾದ ನೆನೆಸು," ಎಂದಿತು ಕೊಕ್ಕರೆ.

ನೀರುಕಾಗೆ ಪೂರ್ತಿ ಮುಳುಗಿ, ಆ ದಡದವರೆಗೆ ಹೋಗಿ ಬಂದಿತು.

"ಪಾದ ನೆನೆದದ್ದು ನನಗೆ ಕಾಣಲಿಲ್ಲ. ಫೇಲು," ಎಂದಿತು ಕೋಳಿ.

ಶಾಲೆಯ ಒಂದೇ ಒಂದು ಮೊಹರನ್ನು ಕೊಕ್ಕಿನಲ್ಲಿ ಹಿಡಿದಿದ್ದ ಕೊಕ್ಕರೆ, "ಹೌದು, ಫೇಲು" ಎನ್ನಲು ಬಾಯಿ ತೆರೆಯಿತು. ಮೊಹರು ಜಾರಿ ಆಳಕ್ಕೆ ಹೋಯಿತು. ಕೊಕ್ಕರೆ ಕೋಳಿಯ ಮುಖ ನೋಡಿತು.

"ನನ್ನದು ಹೊಟ್ಟೆಯವರೆಗಿನ ಪ್ರಮಾಣಪತ್ರ, ಗುರುಗಳೇ," ಎಂದು ಕೋಳಿ ದಡ ಹತ್ತಿತು.

ನೀರುಕಾಗೆ ಮುಳುಗಿ, ಮೊಹರನ್ನು ತಂದು ಕೊಕ್ಕರೆಯ ಮುಂದಿಟ್ಟಿತು. ಕೊಕ್ಕರೆ ಅದನ್ನು ತಿರುಗಿಸಿ ನೋಡಿ, ಸರಿಯಾಗಿದೆ ಎಂದು ಖಚಿತಪಡಿಸಿಕೊಂಡು, ಗಂಟಲು ಸರಿಮಾಡಿಕೊಂಡಿತು.

"ಪ್ರಮಾಣಪತ್ರವಿಲ್ಲದೆ ಆಳಕ್ಕೆ ಇಳಿದಿದ್ದೀಯ. ಇದು ದೊಡ್ಡ ತಪ್ಪು. ತಿದ್ದಿಕೊಳ್ಳಬೇಕು."

"ಆಗಲಿ ಗುರುಗಳೇ," ಎಂದ ನೀರುಕಾಗೆ ಮೊಹರನ್ನು ಕಚ್ಚಿಕೊಂಡು ಮತ್ತೆ ಮುಳುಗಿತು; ಮೊದಲು ಸಿಕ್ಕಿದ್ದ ಜಾಗದಲ್ಲೇ ಅದನ್ನು ಇಟ್ಟು, ಒಂದು ಮೀನು ಹಿಡಿದುಕೊಂಡು ಮೇಲೆ ಬಂದಿತು.