ದೀಪದ ಕಟ್ಟೆ ಒಡೆದ ಫಕೀರಪ್ಪ

ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ಫಕೀರಪ್ಪ ಎಂಬ ಕೆಲಸಗಾರನಿದ್ದ. ಗಾರೆ, ವೈರಿಂಗ್, ಪೈಪು, ಬಣ್ಣ, ಅವನಿಗೆ ಬಾರದ ಕೆಲಸವಿರಲಿಲ್ಲ. ನಾಲ್ಕು ಜನರ ಕೆಲಸವನ್ನು ಒಬ್ಬನೇ ಮಾಡುವವನ ಮೇಲೆ ಎಲ್ಲರಿಗೂ ಪ್ರೀತಿ ಹೆಚ್ಚು. ಅವನ ನೌಕರಿ ಕಾಯಂ ಮಾಡಲು ಮಾತ್ರ ಎಂಟು ವರ್ಷವಾದರೂ ಯಾರಿಗೂ ಪುರುಸೊತ್ತಾಗಿರಲಿಲ್ಲ.

ರನ್‌ವೇ ಅಂಚಿನ ಒಂದು ದೀಪ ಕೆಟ್ಟು, ಅದರ ಕಟ್ಟೆಯೂ ಬಿರುಕು ಬಿಟ್ಟಿತು.

"ಮಧ್ಯಾಹ್ನ ದೊಡ್ಡ ಸಾಹೇಬ್ರು ನೋಡಾಕ ಬರ್ತಾರ. ಕೆಲಸ ಮುಗಿದಿದ್ರ ನಿನ್ನ ಕಾಯಂ ನೌಕರಿ ಆರ್ಡರಿಗೆ ಸಹಿ ಹಾಕ್ತಾರ," ಎಂದ ಮೇಲ್ವಿಚಾರಕ ಗುರುಸಿದ್ದಯ್ಯ.

ಫಕೀರಪ್ಪ ಬೆಳಿಗ್ಗೆಯೇ ಹಳೆಯ ಕಟ್ಟೆ ಕಿತ್ತ. ವೈರು ಜೋಡಿಸಿದ. ಹೊಸ ಕಾಂಕ್ರೀಟ್ ಹಾಕಿ ದೀಪ ಕೂರಿಸಿದ. ಕೆಲಸ ನೋಡಿದರೆ ಕಣ್ಣು ತಂಪಾಗುವಂತಿತ್ತು.

ರನ್‌ವೇ ಬಿಟ್ಟು ಹೊರಡುವ ಮುನ್ನ ಸಾಮಾನು ಎಣಿಸುವುದು ಅಲ್ಲಿನ ಕಟ್ಟಳೆ. ಬಿದ್ದ ಒಂದು ಮೊಳೆಯೂ ವಿಮಾನದ ಗಾಲಿಯನ್ನು ಸೀಳಬಲ್ಲದು. ತಂದದ್ದು ಹತ್ತೊಂಬತ್ತು, ಚೀಲದಲ್ಲಿದ್ದದ್ದು ಹದಿನೆಂಟು. ಒಂದು ಸ್ಪ್ಯಾನರ್ ಇರಲಿಲ್ಲ. ದೀಪದ ಸುತ್ತ ಹುಡುಕಿದರೂ ಸಿಗಲಿಲ್ಲ. ವಿಮಾನ ಇಳಿಯಲು ಅರ್ಧ ಗಂಟೆಯಷ್ಟೇ ಇತ್ತು.

"ಕಾಂಕ್ರೀಟಿನ್ಯಾಗ ಬಿದ್ದಿರ್ತೈತಿ. ಅಲ್ಲೇ ಇರಲಿ ಬಿಡು," ಎಂದ ಗುರುಸಿದ್ದಯ್ಯ.

"ಅಲ್ಲಿದ್ರ ಚಲೋನ ಆತ್ರಿ. ಇಲ್ಲಂದ್ರ?"

"ಕಟ್ಟೆ ಒಡೆದ್ರ ನಿನ್ನ ಆರ್ಡರ್ ಹೋತು ನೋಡು!"

ಫಕೀರಪ್ಪ ಕೇಳಲಿಲ್ಲ. ವಿಮಾನ ತಡೆಯಲು ಕಂಟ್ರೋಲ್ ಟವರಿಗೆ ಫೋನಿನಲ್ಲಿ ಹೇಳಿ, ಸಲಾಕೆ ಎತ್ತಿದ. ದೀಪ ಕಿತ್ತಿಟ್ಟು, ತಾನೇ ಕಟ್ಟಿದ ಹಸಿ ಕಟ್ಟೆಯನ್ನು ಒಡೆದು ಬುಡದವರೆಗೂ ಕೆದಕಿದ. ಸ್ಪ್ಯಾನರ್ ಅಲ್ಲಿರಲಿಲ್ಲ.

ಆಗ ಗುರುಸಿದ್ದಯ್ಯನೂ ಬೆವರಿದ. ಇಬ್ಬರೂ ಬೆಳಿಗ್ಗೆ ಸಾಮಾನು ಹೊತ್ತು ಬಂದ ದಾರಿಯಲ್ಲಿ ಬಗ್ಗಿ ಹುಡುಕುತ್ತ ನಡೆದರು. ರನ್‌ವೇ ಮೇಲೆ, ವಿಮಾನದ ಗಾಲಿ ಓಡುವ ಜಾಗದಲ್ಲೇ ಅದು ಬಿದ್ದಿತ್ತು. ಅದನ್ನು ಎತ್ತಿಕೊಂಡು, ಒಡೆದ ಚೂರುಗಳನ್ನು ಬಾಚಿ, ಗುಂಡಿಗೆ ಮಣ್ಣು ತುಂಬಿ ಹೊರಬಂದರು. ವಿಮಾನ ಇಪ್ಪತ್ತು ನಿಮಿಷ ತಡವಾಗಿ ಸುಖವಾಗಿ ಇಳಿಯಿತು.

ಸಾಹೇಬರು ಬಂದು ನೋಡಿದರೆ ದೀಪವೂ ಇಲ್ಲ, ಕಟ್ಟೆಯೂ ಇಲ್ಲ.

"ಇದೇನಿದು? ಯಾರು ಹಾಳು ಮಾಡಿದ್ದು?"

ಗುರುಸಿದ್ದಯ್ಯ ನಡೆದದ್ದನ್ನೆಲ್ಲ ಹೇಳಿ, ಕೊನೆಗೆ, "ಒಡೆದಾಂವ ಇವ್ನರಿ ಸಾಹೇಬ್ರ. ಒಡೀಬ್ಯಾಡ ಅಂದಾಂವ ನಾನು. ನನ್ನ ಮಾತು ಕೇಳಿದ್ದರ ಇವತ್ತ ಏನ್ ಅನಾಹುತ ಆಗ್ತಿತ್ತೋ," ಎಂದ.

ಸಾಹೇಬರು ಮಣ್ಣು ಮುಚ್ಚಿದ ಆ ಗುಂಡಿಯ ಪಕ್ಕದಲ್ಲೇ ನಿಂತು ಆರ್ಡರಿಗೆ ಸಹಿ ಹಾಕಿದರು.

ನೀತಿ: ನಮಗೆ ಅನುಕೂಲವಾದ ಊಹೆಯನ್ನೇ ನಿಜವೆಂದು ನಂಬಿ ಕೂರಬಾರದು. ಬೇರೆಯವರ ಜೀವದ ಪ್ರಶ್ನೆ ಇರುವಾಗ, ನಾವೇ ಕಟ್ಟಿದ್ದನ್ನು ಒಡೆದಾದರೂ ನೋಡಬೇಕು.